ಬೆನ್ನುಹುರಿಜನ್ಯ ಸ್ನಾಯುಕ್ಷಯ

ಬೆನ್ನುಹುರಿಯ ಮುಂಗೊಂಬಿನಲ್ಲಿ ನೆಲೆಸಿ ಮಿದುಳಿನ ಆಜ್ಞೆಯನ್ನು ಸ್ನಾಯುಗಳಿಗೆ ಮುಟ್ಟಿಸುವ ಚಾಲಕ ನರಕೋಶಗಳು ಆನುವಂಶಿಕ ದೋಷದಿಂದ ನಶಿಸಿ, ಅವುಗಳ ಪೋಷಣೆ ತಪ್ಪಿದ ಸ್ನಾಯುಗಳು ಕೃಶವಾಗುತ್ತ ಬರುವ ವ್ಯಾಧಿ. ವೈದ್ಯರಲ್ಲಿಯೂ ರೋಗಿಗಳ ಮನೆಯವರಲ್ಲಿಯೂ ಎಸ್‌ಎಂಎ ಎಂದೇ ರೂಢಿ. ಸುಮಾರು 10,000 ಜನನಗಳಲ್ಲಿ ಒಂದರಂತೆ ಇದು ಕಾಣಬರುವುದು. ಆಸ್ಟ್ರಿಯದ ಗೀಡೋ ವರ್ಡ್ನಿಗ್ 1891ರಲ್ಲಿ ಇಬ್ಬರು ಶಿಶುಸೋದರರಲ್ಲಿ ಇದನ್ನು ವರ್ಣಿಸಿದನು. ಹೈಡೆಲ್‌ಬರ್ಗಿನ ಯೋಹಾನ್ ಹಾಫ್‌ಮನ್ನನು ಬಳಿಕ ಆ ವರ್ಣನೆಯನ್ನು ವಿಸ್ತರಿಸಿದನು.

ಆರು ತಿಂಗಳು ತುಂಬುವ ಮೊದಲೇ ತಲೆದೋರುವ ಮೊದಲನೆಯ ಪ್ರಭೇದವು ಅತ್ಯಂತ ಉಗ್ರವಾದುದು: ಶಿಶುವಿನ ಕತ್ತು ನಿಲ್ಲದು, ಅದು ತಾನಾಗಿ ಕೂರಲಾರದು, ನಾಲಗೆಯಲ್ಲಿ ಸಣ್ಣ ಅದಿರಾಟ ಕಾಣುವುದು, ಪಕ್ಕೆಯ ಸ್ನಾಯುಗಳು ಸೋತು ಹೊಟ್ಟೆಯಿಂದಲೇ ಉಸಿರಾಟ ನಡೆಯುವುದು, ಆದರೂ ಮುಖದಲ್ಲಿ ಕಳೆ ಮಾಸದು, ಬುದ್ಧಿಗೆ ಕುಂದಿಲ್ಲ, ಕಣ್ಣುಗಳು ಎಲ್ಲವನ್ನೂ ಹಿಂಬಾಲಿಸುತ್ತಿರುವುವು. ಎರಡನೆಯದರಲ್ಲಿ ಮಗು ಕೂರಬಲ್ಲುದು, ನಡೆಯಲಾರದು; ಬೆನ್ನು ಡೊಂಕಾಗುವ ಭಯ ಇಲ್ಲಿ ಹೆಚ್ಚು. 1956ರಲ್ಲಿ ಸ್ವೀಡನ್ನಿನ ಕುಗೆಲ್‌ಬರ್ಗ್ ಮತ್ತು ವೆಲಾಂಡರ್ ವಿವರಿಸಿದ ಮೂರನೆಯದು ನಡೆದಾಡುವ ಮಕ್ಕಳದು, ನಾಲ್ಕನೆಯದು ವಯಸ್ಕರದು.

ಮೂಲದೋಷವಿರುವುದು 5ನೆಯ ವರ್ಣತಂತುವಿನ ಎಸ್‌ಎಂಎನ್1 ಎಂಬ ಜೀನಿನಲ್ಲಿ. ಪ್ಯಾರಿಸಿನ ಜುಡಿತ್ ಮೆಲ್ಕಿಯವರ ತಂಡ ಅದನ್ನು 1995ರಲ್ಲಿ ಗುರುತಿಸಿತು. ತಾಯಿತಂದೆಗಳಿಬ್ಬರೂ ಆರೋಗ್ಯವಂತ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ಸಂಭವವುಂಟು. ಸೋದರಮಾವ, ಸೋದರತ್ತೆಯ ಮಕ್ಕಳೆಂಬ ಸಂಬಂಧದೊಳಗಿನ ಮದುವೆ ಆ ಸಂಭವವನ್ನು ಹೆಚ್ಚಿಸುವುದಾದರೂ, ವಾಹಕರು ಅಷ್ಟೇನೂ ವಿರಳರಲ್ಲವಾದುದರಿಂದ ಯಾವ ನಂಟೂ ಇಲ್ಲದ ದಂಪತಿಗಳಲ್ಲಿಯೂ ರೋಗವು ತಲೆದೋರುತ್ತದೆ. ಸೊಸೆಯೊಬ್ಬಳನ್ನೇ ದೂರುವ ನಮ್ಮ ಮನೆಗಳ ಪರಿಪಾಠಕ್ಕೆ ಇದರಲ್ಲಿ ಲವಲೇಶವೂ ಆಧಾರವಿಲ್ಲ.

ಈ ಜೀನಿಗೆ ನೆರೆಯಲ್ಲೇ ಎಸ್‌ಎಂಎನ್2 ಎಂಬ ಅವಳಿ ಪ್ರತಿಯೊಂದಿದೆ. ಒಂದೇ ಅಕ್ಷರದ ವ್ಯತ್ಯಾಸದಿಂದ ಅದು ಉತ್ಪಾದಿಸುವ ಪ್ರೋಟೀನಿನ ಬಹುಭಾಗ ಅಪೂರ್ಣವಾಗಿ, ಸುಮಾರು ಹತ್ತರಲ್ಲೊಂದಂಶ ಮಾತ್ರ ಉಪಯುಕ್ತವಾಗುವುದು. ಅದರ ಪ್ರತಿಗಳು ಹೆಚ್ಚಿದ್ದಷ್ಟೂ ರೋಗ ಸಾಮಾನ್ಯವಾಗಿ ಸೌಮ್ಯ. ಚಿಕಿತ್ಸೆ ಬಂದದ್ದೂ ಈ ಬಾಗಿಲಿನಿಂದಲೇ: ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ನುಸಿನರ್ಸೆನ್ (2016), ಬಾಯಲ್ಲಿ ಕುಡಿಸುವ ರಿಸ್‌ಡಿಪ್ಲಾಮ್ (2020), ಎರಡೂ ಆ ಅವಳಿ ಜೀನಿನ ಕೊರತೆಯನ್ನು ತಿದ್ದುವುವು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಹೊಸ ಜೀನನ್ನೇ ವೈರಸ್ಸಿನ ಮೂಲಕ ಒಯ್ಯುವ ಚಿಕಿತ್ಸೆಗೆ ಅಲ್ಲಿ 21 ಲಕ್ಷ ಡಾಲರಿಗೂ ಮಿಗಿಲಾದ ಬೆಲೆ ಗೊತ್ತಾಯಿತು. ವಿಜ್ಞಾನದ ಈ ಗೆಲುವು ಸಾಮಾನ್ಯ ಗೃಹಸ್ಥನಿಗೆ ಎಟುಕದ್ದೆಂಬುದನ್ನು ಮುಚ್ಚಿಡಲಾಗದು. ಅಳಿದ ಕೋಶಗಳು ಮರಳಿ ಬಾರವು. ಆದುದರಿಂದ ಲಕ್ಷಣಗಳು ತೋರುವ ಮುನ್ನವೇ ಆರಂಭಿಸಿದ ಚಿಕಿತ್ಸೆ ಶ್ರೇಷ್ಠ.

ಇದನ್ನು ಹೋಲುವ ರೋಗಗಳಲ್ಲಿ ಸೋಲುವುದು ಸ್ನಾಯುವೇ ಆದರೂ ದೋಷದ ನೆಲೆ ಬೇರೆಬೇರೆ. ಡುಷೆನ್ ಸ್ನಾಯುಕ್ಷಯದಲ್ಲಿ ಸ್ನಾಯುವೇ ರೋಗಗ್ರಸ್ತ; ಅದು ಪ್ರಾಯಶಃ ಗಂಡುಮಕ್ಕಳದು, ಮೀನಖಂಡಗಳು ಉಬ್ಬಿರುತ್ತವೆ. ಮಯಸ್ತೀನಿಯದಲ್ಲಿ ಕೆಡುವುದು ನರವೂ ಸ್ನಾಯುವೂ ಕೂಡುವ ಸಂಧಿ. ಶಾರ್ಕೋ-ಮಾರಿ-ಟೂತ್ ರೋಗದಲ್ಲಿ ಹೊರನರ. ಪೋಲಿಯೊ ಅದೇ ಮುಂಗೊಂಬಿನ ಕೋಶಗಳನ್ನು ಕೊಂದರೂ ಸೋಂಕಿನಿಂದ ಬರುವಂಥದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೌರಿದೇವಿಯವರೂ ಸಹೋದ್ಯೋಗಿಗಳೂ 1984ರಲ್ಲಿ ವರ್ಣಿಸಿದ ಏಕಾಂಗ ಸ್ನಾಯುಕ್ಷಯವು ಹೆಚ್ಚಾಗಿ ತರುಣರ ಒಂದೇ ಕೈ ಅಥವಾ ಕಾಲನ್ನು ಹಿಡಿದು, ಕೆಲವು ವರ್ಷ ಮುಂದುವರಿದು, ಬಳಿಕ ತಾನಾಗಿಯೇ ನಿಲ್ಲುತ್ತದೆ.