ಒಂಟಿ ಕುರ್ಚಿಯ ಬೆಟ್ಟ

ಸ್ಕೀಯಿಂಗ್ ಅಂದ ಕೂಡಲೇ ನಮ್ಮಂಥವರಿಗೆ ನೆನಪಾಗುವುದು ಸ್ವಿಟ್ಜರ್‌ಲೆಂಡು, ಹಿಂದಿ ಸಿನಿಮಾ ಹಾಡು, ಹೆಚ್ಚೆಂದರೆ ಗುಲ್ಮಾರ್ಗು. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ ದುಡ್ಡಿದ್ದವರದ್ದು, ನಮಗೇಕೆ ಅಂತ ಪುಟ ಮಗುಚಿಬಿಡುತ್ತೇವೆ. ನಾನೂ ಒಮ್ಮೆಯೂ ಸ್ಕೀ ಮಾಡಿದವನಲ್ಲ. ಮೂವತ್ತು ವರ್ಷದಿಂದ ಮುಂಬಯಿಯ ಸೆಕೆಯಲ್ಲಿ ಬೆವರುತ್ತಿರುವವನು. ಆದರೆ ಬಿಕಾಂ ಓದಿ ಬ್ಯಾಂಕು ಸೇರಿದವನಿಗೆ ಬೆಟ್ಟದಲ್ಲೂ ಬ್ಯಾಲೆನ್ಸ್ ಶೀಟೇ ಕಾಣುವುದು ನೋಡಿ! ಅಮೆರಿಕದ ವರ್ಮಾಂಟ್ ರಾಜ್ಯದ ಎರಡು ಸ್ಕೀ ಬೆಟ್ಟಗಳ ಚರಿತ್ರೆ ಓದುತ್ತಾ ಹೋದಂತೆ ಇದು ಆಟದ ಕಥೆಯಲ್ಲ, ಒಡೆತನದ ಕಥೆ ಅನ್ನಿಸಿತು. ಎರಡೂ ಬೆಟ್ಟಗಳಲ್ಲಿ ಮೊದಲ ಚೇರ್‌ಲಿಫ್ಟ್ ಹಾಕಿಸಿದವನು ಒಬ್ಬನೇ. ಒಂದು ಬೆಳೆದು ಭಾರೀ ರೆಸಾರ್ಟ್ ಆಯಿತು, ಇನ್ನೊಂದು ಹಟ ಹಿಡಿದು ಚಿಕ್ಕದಾಗಿಯೇ ಉಳಿಯಿತು.

ಮೊದಲು ಸ್ವಲ್ಪ ಹಿನ್ನೆಲೆ. ಸ್ಕೀ ಆಟದಲ್ಲಿ ಇಳಿಯುವುದು ಮಜಾ, ಹತ್ತುವುದೇ ಸಜಾ. 1934ರ ಜನವರಿಯಲ್ಲಿ ವರ್ಮಾಂಟಿನ ವುಡ್‌ಸ್ಟಾಕ್ ಎಂಬಲ್ಲಿ ಗಿಲ್ಬರ್ಟ್ ಎಂಬ ರೈತನ ಹೊಲದ ಗುಡ್ಡದಲ್ಲಿ ಒಂದು ಪ್ರಯೋಗ ನಡೆಯಿತು. ಹಳೇ ಫೋರ್ಡ್ ಗಾಡಿಯ ಇಂಜಿನ್‌ಗೆ ಉದ್ದನೆಯ ಹಗ್ಗ ಸುತ್ತಿ, ನಮ್ಮ ಬಾವಿಯ ರಾಟೆಯ ಹಾಗೆ ತಿರುಗಿಸಿದರು. ಓಡುವ ಹಗ್ಗ ಹಿಡಿದುಕೊಂಡರೆ ಸಾಕು, ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ರೋಪ್ ಟೋ ಅಂತ ಇದಕ್ಕೆ ಹೆಸರು. ಅಮೆರಿಕದಲ್ಲಿ ಇಂಥದ್ದು ಇದೇ ಮೊದಲು. ಒಂದು ಗುಡ್ಡ, ಒಂದು ಇಂಜಿನ್, ಒಂದಿಷ್ಟು ಹಗ್ಗ ಇದ್ದ ಯಾರು ಬೇಕಾದರೂ ಸ್ಕೀ ಜಾಗ ತೆರೆಯಬಹುದಾಯಿತು. ಚಳಿಗಾಲದಲ್ಲಿ ಹೊಲ ಹೇಗೂ ಖಾಲಿ ತಾನೇ? ಹಾಗೆ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಊರೂರಲ್ಲೂ ಸಣ್ಣ ಸಣ್ಣ ಸ್ಕೀ ಗುಡ್ಡಗಳು ಹುಟ್ಟಿಕೊಂಡವು. ಶಾಲೆ ಬಿಟ್ಟ ಮಕ್ಕಳು ಚೀಲ ಬಿಸಾಡಿ ಓಡುವ ಮೈದಾನದಂಥವು ಅವು.

ಎರಡೇ ವರ್ಷಕ್ಕೆ, 1936ರಲ್ಲಿ, ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆಯವರು ಜಗತ್ತಿನ ಮೊದಲ ಚೇರ್‌ಲಿಫ್ಟ್ ಕಟ್ಟಿದರು. ಅದನ್ನು ರೂಪಿಸಿದ ಜಿಮ್ ಕರನ್ ಎಂಬ ಇಂಜಿನಿಯರು ಹಿಂದೆ ಹಡಗಿಗೆ ಬಾಳೆಗೊನೆ ತುಂಬುವ ಯಂತ್ರದಲ್ಲಿ ಕೆಲಸ ಮಾಡಿದ್ದವನು. ಗೊನೆ ತೂಗುಹಾಕುವ ಕೊಕ್ಕೆಯ ಜಾಗದಲ್ಲಿ ಕುರ್ಚಿ ತೂಗುಹಾಕಿದ, ಅಷ್ಟೇ! ಬಿಹಾರದ ರಾಜಗೀರ್‌ನಲ್ಲಿ ಶಾಂತಿಸ್ತೂಪಕ್ಕೆ ಒಬ್ಬೊಬ್ಬರೇ ಕೂತು ಹೋಗುವ ರೋಪ್‌ವೇ ನೋಡಿದವರಿಗೆ ಇದರ ಸ್ವರೂಪ ಗೊತ್ತಾಗುತ್ತದೆ.

ಈಗ ನಮ್ಮ ಕಥಾನಾಯಕನಿಗೆ ಬರೋಣ. ರೋಲಂಡ್ ಪಾಲ್ಮೆಡೊ ನ್ಯೂಯಾರ್ಕಿನ ಲೆಹ್ಮನ್ ಬ್ರದರ್ಸ್‌ನಲ್ಲಿದ್ದ ಬ್ಯಾಂಕರು. ಸ್ಕೀ ಅಂದರೆ ಪ್ರಾಣ. 1940ರಲ್ಲಿ ವರ್ಮಾಂಟಿನ ಸ್ಟೋ ಎಂಬ ಊರಿನ ಬೆಟ್ಟಕ್ಕೆ ಹಣ ಹೊಂದಿಸಿ ಒಂಟಿ ಕುರ್ಚಿಯ ಲಿಫ್ಟ್ ಹಾಕಿಸಿದ. ಜನ ಮುಗಿಬಿದ್ದರು. ಜನ ಬಂದಲ್ಲಿಗೆ ಬಂಡವಾಳ ಬರುತ್ತದಲ್ಲ, ಸಿ.ವಿ. ಸ್ಟಾರ್ ಎಂಬ ವಿಮಾ ಉದ್ಯಮಿ (ಮುಂದೆ ಎಐಜಿ ಅಂತ ಹೆಸರಾದ ಕಂಪನಿಯ ಸ್ಥಾಪಕ) ಅಲ್ಲಿ ಹಣ ಹೂಡಿ ಕ್ರಮೇಣ ಎಲ್ಲವನ್ನೂ ಒಂದೇ ಕಂಪನಿಯ ಅಡಿಯಲ್ಲಿ ತಂದ. ಪಾಲ್ಮೆಡೊಗೆ ಈ ದಾರಿ ಒಗ್ಗಲಿಲ್ಲ. ಸ್ಕೀ ಬೆಟ್ಟವೆಂದರೆ ಬರೀ ವ್ಯಾಪಾರದ ಜಾಗವಲ್ಲ, ಆಟದ ಮೇಲೆ ಪ್ರೀತಿ ಇರುವವರ ಒಂದು ಸಮುದಾಯ ಅನ್ನುವುದು ಆತನ ನಿಲುವು. ದಕ್ಷಿಣಕ್ಕೆ ಹೋಗಿ ಫೇಸ್ಟನ್ ಎಂಬ ಸಣ್ಣ ಊರಿನ ಬೆಟ್ಟದಲ್ಲಿ ಇನ್ನೊಂದು ಒಂಟಿ ಕುರ್ಚಿಯ ಲಿಫ್ಟ್ ಹಾಕಿಸಿದ. 1948ರ ಡಿಸೆಂಬರಿನಲ್ಲಿ ತೆರೆದ ಆ ಜಾಗದ ಹೆಸರು ಮ್ಯಾಡ್ ರಿವರ್ ಗ್ಲೆನ್. ಸುಮಾರು 2000 ಅಡಿ ಇಳಿಜಾರು; ಮರಗಳ ನಡುವೆ ಅಂಕುಡೊಂಕಾಗಿ ಇಳಿಯುವ ಕಿರಿದಾದ ದಾರಿಗಳು. "ತಾಕತ್ತಿದ್ದರೆ ಇಳಿದು ನೋಡಿ" ಎನ್ನುವ ಅರ್ಥದ ಅದರ ಘೋಷವಾಕ್ಯ ಕಾರುಗಳ ಹಿಂದೆ ಅಂಟಿಸುವ ಸ್ಟಿಕರಾಗಿ ಪ್ರಸಿದ್ಧ.

ಇತ್ತ ಊರೂರಿನ ಸಣ್ಣ ಗುಡ್ಡಗಳು ಒಂದೊಂದಾಗಿ ಕಣ್ಣು ಮುಚ್ಚತೊಡಗಿದವು. ಕಾರಣ ಒಂದಲ್ಲ. 1950ರಿಂದ ಕೃತಕ ಹಿಮ ಮಾಡುವ ಯಂತ್ರ ಬಂತು. ಕೊಳ್ಳುವ ಶಕ್ತಿ ಇದ್ದವರು ಮೋಡವನ್ನು ಕಾಯಬೇಕಾಗಿರಲಿಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲೇ ಸಿಗದೆ ಜನ ಬರಲಿಲ್ಲ. 1979-80ರ ಚಳಿಗಾಲದಲ್ಲಿ ಹಿಮವೇ ಸರಿಯಾಗಿ ಬೀಳಲಿಲ್ಲ. ಆ ವರ್ಷ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸಿಗೇ ಕೃತಕ ಹಿಮ ಹಾಸಬೇಕಾಯಿತು. ಒಲಿಂಪಿಕ್ಸ್ ಚರಿತ್ರೆಯಲ್ಲಿ ಅದೇ ಮೊದಲು.

ಬ್ಯಾಂಕಿನವನಾಗಿ ನನ್ನ ಗಮನ ಸೆಳೆದದ್ದು ಇನ್ನೊಂದು ಕಾರಣ: ವಿಮೆಯ ಪ್ರೀಮಿಯಂ. 1974ರಲ್ಲಿ ವರ್ಮಾಂಟಿನ ಸ್ಟ್ರಾಟನ್ ಎಂಬ ಬೆಟ್ಟದಲ್ಲಿ ಹೊಸದಾಗಿ ಸ್ಕೀ ಕಲಿಯುತ್ತಿದ್ದ ಯುವಕನೊಬ್ಬ ಹಿಮದಡಿ ಅಡಗಿದ್ದ ಪೊದೆಗೆ ಸಿಕ್ಕಿ ಬಿದ್ದು ಕೈಕಾಲುಗಳ ಸ್ವಾಧೀನ ಕಳೆದುಕೊಂಡ. ನ್ಯಾಯಾಲಯ 15 ಲಕ್ಷ ಡಾಲರ್ ಪರಿಹಾರ ಕೊಡಿಸಿತು, 1978ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಹುಡುಗನಿಗೆ ಸಿಕ್ಕಿದ್ದು ನ್ಯಾಯವೇ, ಎರಡು ಮಾತಿಲ್ಲ. ಆದರೆ ವಿಮಾ ಕಂಪನಿಗಳು ಸ್ಕೀ ಬೆಟ್ಟಗಳ ಪ್ರೀಮಿಯಂ ಏರಿಸಿಬಿಟ್ಟವು. ಅದೇ ವರ್ಷ ವರ್ಮಾಂಟ್ ಶಾಸನಸಭೆ ಆಟದಲ್ಲಿ ಸಹಜವಾಗಿಯೇ ಇರುವ ಅಪಾಯಕ್ಕೆ ಆಡುವವನೇ ಹೊಣೆ ಅಂತ ಕಾನೂನು ಮಾಡಿತು, ನಿಜ. ಆದರೂ ಖರ್ಚು ಏರುತ್ತಲೇ ಹೋಯಿತು. ಸಾವಿರಾರು ಟಿಕೆಟ್ ಮಾರುವವನು ಪ್ರೀಮಿಯಂ ಹಂಚಿಕೊಂಡು ತಡೆದುಕೊಂಡಾನು. ಹಗ್ಗ ತಿರುಗಿಸುವ ರೈತ ಹೇಗೆ ತಡೆದುಕೊಳ್ಳಬೇಕು? 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ 700ಕ್ಕೂ ಹೆಚ್ಚು ಸ್ಕೀ ಜಾಗಗಳಿದ್ದವು. ಈಗ 500ಕ್ಕೂ ಕಡಿಮೆ. ನ್ಯೂ ಇಂಗ್ಲೆಂಡ್ ಒಂದರಲ್ಲೇ ಕಳೆದುಹೋದ ಗುಡ್ಡಗಳ ಪಟ್ಟಿ 600 ದಾಟುತ್ತದೆ. ಕಾಡು ಬೆಳೆದ ಗುಡ್ಡದಲ್ಲಿ ತುಕ್ಕು ಹಿಡಿದ ರಾಟೆ ಹುಡುಕಿಕೊಂಡು ಹೋಗಿ ದಾಖಲಿಸುವ ಹವ್ಯಾಸಿಗಳೂ ಇದ್ದಾರೆ.

ಉಳಿದವುಗಳಲ್ಲೂ ದೊಡ್ಡವರು ಚಿಕ್ಕವರನ್ನು ಕೊಳ್ಳುವ ಕಾಲ ಬಂತು. ಈ ಮಾತು ನಮಗೇನು ಹೊಸದೇ? 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್... ನಾಲ್ಕೇ ವರ್ಷದಲ್ಲಿ ಕನ್ನಡನಾಡಿನಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಬೋರ್ಡು ಇಳಿದವು. ವಿಲೀನದ ಲೆಕ್ಕ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಬೋರ್ಡು ಇಳಿದಾಗ ಲೆಕ್ಕದ ಪುಸ್ತಕದಲ್ಲಿ ಕಾಣಿಸದ ಏನೋ ಒಂದು ರೈಟ್ ಆಫ್ ಆಗುತ್ತದೆ ಅನ್ನುವುದು ಕೌಂಟರಿನ ಎರಡೂ ಬದಿಯಲ್ಲಿ ನಿಂತವರಿಗೆ ಗೊತ್ತು.

ಮ್ಯಾಡ್ ರಿವರ್ ಗ್ಲೆನ್ ಮಾತ್ರ ಬೇರೆ ದಾರಿ ಹಿಡಿಯಿತು. 1972ರಲ್ಲಿ ಅದನ್ನು ಪ್ರಾಟ್ ಕುಟುಂಬ ಕೊಂಡಿತ್ತು. ಮೂರು ವರ್ಷದಲ್ಲಿ ಯಜಮಾನ ತೀರಿಕೊಂಡ. ಹೆಂಡತಿ ಬೆಟ್ಸಿ ಪ್ರಾಟ್ ಇಪ್ಪತ್ತು ವರ್ಷ ಅದನ್ನು ನಡೆಸಿದಳು. ಗಟ್ಟಿಗಿತ್ತಿ. ಕೊಳ್ಳುವವರಿಗೆ ಮಾರಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ, ಅಲ್ಲಿಗೆ ಬರುವ ಸ್ಕೀ ಪ್ರಿಯರೇ ಒಟ್ಟಾಗಿ ಕೊಳ್ಳಿ ಅಂದಳು. ಬೆಲೆ 25 ಲಕ್ಷ ಡಾಲರ್. ಒಂದು ಷೇರಿಗೆ 1500 ಡಾಲರಿನಂತೆ 1667 ಷೇರು. ಹನಿ ಹನಿ ಕೂಡಿ ಹಳ್ಳವಾಯಿತು. 1995ರ ಡಿಸೆಂಬರಿನಲ್ಲಿ ಬೆಟ್ಟ ಸಹಕಾರಿ ಸಂಘದ ಕೈಗೆ ಬಂತು.

ಅದರ ನಿಯಮ ನೋಡಿ: ಒಬ್ಬರು ನಾಲ್ಕಕ್ಕಿಂತ ಹೆಚ್ಚು ಷೇರು ಇಟ್ಟುಕೊಳ್ಳುವಂತಿಲ್ಲ. ಎಷ್ಟೇ ಷೇರಿರಲಿ, ಒಬ್ಬರಿಗೆ ಒಂದೇ ಮತ. ಇದು ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಸಂಘ ಕಟ್ಟಿದ ದಾರಿಯೇ. ಮರುವರ್ಷ ನಮ್ಮ ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲಮಕಿಯವರು ತಮ್ಮ ಗುರು ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಂಘ ತೆರೆದದ್ದೂ ಇದೇ ದಾರಿಯಲ್ಲಿ. ಬಳಸುವವನೇ ಒಡೆಯ, ದುಡ್ಡು ಎಷ್ಟಿದ್ದರೂ ಧ್ವನಿ ಒಂದೇ. ಸಾಲಕ್ಕೂ ಸರಿ, ಹಿಮಕ್ಕೂ ಸರಿ.

ಈ ನಿಯಮದ ಪರೀಕ್ಷೆ ಮುಂದಿನ ದಶಕದಲ್ಲಿ ಬಂತು. 1948ರ ಲಿಫ್ಟಿಗೆ ವಯಸ್ಸಾಗಿತ್ತು. ಇಬ್ಬರು ಕೂರುವ ಕುರ್ಚಿ ಹಾಕೋಣವೇ, ಒಂಟಿ ಕುರ್ಚಿಯನ್ನೇ ಉಳಿಸೋಣವೇ ಎನ್ನುವ ಪ್ರಶ್ನೆ. ಯಾವ ಕಂಪನಿಯಾದರೂ ಗಂಟೆಗೆ ಹೆಚ್ಚು ಜನರನ್ನು ಸಾಗಿಸುವುದನ್ನೇ ಆರಿಸುತ್ತಿತ್ತು. ಸದಸ್ಯರು ಒಂಟಿ ಕುರ್ಚಿಯೇ ಇರಲಿ ಅಂದರು! ಹಳೇ ಕಂಬಗಳನ್ನು ಕಳಚಿ, ಉಜ್ಜಿ, ಮತ್ತೆ ನಿಲ್ಲಿಸಿ, ಹೆಚ್ಚುಕಡಿಮೆ ಹದಿನೇಳು-ಹದಿನೆಂಟು ಲಕ್ಷ ಡಾಲರ್ ಖರ್ಚಿನಲ್ಲಿ 2007ರಲ್ಲಿ ಲಿಫ್ಟ್ ಹೊಸದಾಯಿತು. ಇದು ಬರೀ ಹಳೆಯದರ ಮೋಹವಲ್ಲ, ಲೆಕ್ಕವೂ ಇದೆ. ಇಲ್ಲಿ ಬಹುಪಾಲು ಆಕಾಶದಿಂದ ಬಿದ್ದ ಹಿಮವೇ ಗತಿ. ಹತ್ತುವವರು ಕಡಿಮೆಯಾದರೆ ಇಳಿಯುವವರೂ ಕಡಿಮೆ. ದಾರಿಯ ಹಿಮ ಬೇಗ ಸವೆಯುವುದಿಲ್ಲ, ಒಬ್ಬರ ಮೇಲೊಬ್ಬರು ಬೀಳುವುದೂ ಇಲ್ಲ. ಕೆಳಗೆ ಕ್ಯೂ ಉದ್ದ, ಮೇಲೆ ಬೆಟ್ಟ ನಿಮ್ಮದೇ. ಕಾಯುವುದಕ್ಕೆ ಸಿದ್ಧರಿದ್ದವರು ಆ ಬೆಲೆಯನ್ನು ತಾವೇ ಆರಿಸಿಕೊಂಡರು.

ಮರುವರ್ಷ 2008ರ ಸೆಪ್ಟೆಂಬರ್ 15ರಂದು ಪಾಲ್ಮೆಡೊನ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಮಾರನೇ ದಿನ ಸ್ಟಾರ್ ಕಟ್ಟಿದ ಎಐಜಿಯನ್ನು ಉಳಿಸಲು ಅಮೆರಿಕದ ಕೇಂದ್ರ ಬ್ಯಾಂಕು 8500 ಕೋಟಿ ಡಾಲರ್ ಸಾಲ ಕೊಡಬೇಕಾಯಿತು. ಸ್ಟೋ ಬೆಟ್ಟ ಆಗ ಎಐಜಿಯ ಕೈಯಲ್ಲೇ ಇತ್ತು. 2017ರಲ್ಲಿ ಅದನ್ನು ವೈಲ್ ರೆಸಾರ್ಟ್ಸ್ ಎಂಬ ದೊಡ್ಡ ಕಂಪನಿ ಕೊಂಡಿತು. ಅಂಥ ದೊಡ್ಡ ರೆಸಾರ್ಟುಗಳಲ್ಲಿ ಕೌಂಟರಿನಲ್ಲಿ ಒಂದು ದಿನದ ಟಿಕೆಟ್ 200 ಡಾಲರ್ ದಾಟಿರುವುದುಂಟು. ಒಂಟಿ ಕುರ್ಚಿಯ ಬೆಟ್ಟ ಇಂದಿಗೂ ಸದಸ್ಯರದ್ದೇ.

ಹಾಗಂತ ಅಲ್ಲಿ ಎಲ್ಲವೂ ಚೆನ್ನ ಅನ್ನಲಾರೆ. ಒಂದೇ ಹಲಗೆಯ ಮೇಲೆ ನಿಂತು ಜಾರುವ ಸ್ನೋಬೋರ್ಡಿನವರಿಗೆ ಅಲ್ಲಿ ಪ್ರವೇಶವೇ ಇಲ್ಲ. ನಮ್ಮದು ಅನ್ನುವ ಪ್ರೀತಿ ಎಷ್ಟು ಬೇಗ ನಿಮ್ಮದಲ್ಲ ಅನ್ನುವುದಕ್ಕೆ ತಿರುಗುತ್ತದೆ, ಪರಊರಿನಲ್ಲಿ ಬದುಕಿದ ನಮಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ಭೂಮಿ ಬಿಸಿಯಾಗುತ್ತಿದೆ. 2015-16ರಂಥ ಚಳಿಗಾಲದಲ್ಲಿ ವರ್ಮಾಂಟಿನಲ್ಲಿ ಹಿಮಕ್ಕೆ ಬರ ಬಂದಾಗ ಎಷ್ಟು ಮತ ಹಾಕಿದರೂ ಮೋಡ ಕರಗುವುದಿಲ್ಲ.

ಸಣ್ಣ ಬೆಟ್ಟಗಳ ಸೆಳೆತ ಏನು ಅಂತ ಕೇಳಿದರೆ ಜನ ಸಾಮಾನ್ಯವಾಗಿ ಹೇಳುವುದು ಗದ್ದಲವಿಲ್ಲ, ಅಗ್ಗ, ಮುಖ ಪರಿಚಯ ಅಂತ. ಎಲ್ಲ ನಿಜ. ಆದರೆ ಕಳೆದುಹೋದ ಆ 600 ಗುಡ್ಡಗಳಲ್ಲೂ ಇವೆಲ್ಲ ಇದ್ದವಲ್ಲ? ಅವುಗಳನ್ನೂ ಜನ ಪ್ರೀತಿಸಿದ್ದರು. ಪ್ರೀತಿ ಇತ್ತು, ಷೇರು ಇರಲಿಲ್ಲ. ನಿಮ್ಮೂರಿನಲ್ಲೂ ನಿಮಗೆ ಪ್ರಿಯವಾದ ಒಂದು ವಾಚನಾಲಯವೋ, ಕನ್ನಡ ಸಂಘವೋ, ಸಣ್ಣ ಸಹಕಾರಿ ಬ್ಯಾಂಕೋ ಇದ್ದರೆ ಈ ವರ್ಷ ಅದರ ವಾರ್ಷಿಕ ಸಭೆಗೆ ಹೋಗಿ ಬನ್ನಿ. ಕೋರಂ ಇಲ್ಲದೆ ಅರ್ಧ ಗಂಟೆ ಮುಂದಕ್ಕೆ ಹಾಕಿದ ಸಭೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.