ಮರಾವಿಯ ಪಾಠ

ಭಯೋತ್ಪಾದನೆಯನ್ನು ಸೈನ್ಯಬಲದಿಂದಲೇ ಅಳಿಸಬಹುದೆಂದು ನಂಬುವವರು ದಕ್ಷಿಣ ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಇತಿಹಾಸವನ್ನು ಗಮನಿಸಬೇಕೆಂದು ನಾವು ಭಾವಿಸುತ್ತೇವೆ. ಅಲ್ಲಿನ ಮೊರೊ ಮುಸ್ಲಿಮರು ತಮ್ಮ ನೆಲ ಮತ್ತು ಸ್ವಯಮಾಡಳಿತಕ್ಕಾಗಿ ದಶಕಗಳ ಕಾಲ ಸಶಸ್ತ್ರ ಹೋರಾಟ ನಡೆಸಿದರು. 2014ರಲ್ಲಿ ಮೊರೊ ಇಸ್ಲಾಮಿಕ್ ವಿಮೋಚನಾ ರಂಗವು ಸರ್ಕಾರದೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡಿತು. ಆದರೆ ಸ್ವಾಯತ್ತತೆಯ ಕಾನೂನು ಸಂಸತ್ತಿನಲ್ಲಿ ನೆನೆಗುದಿಗೆ ಬಿತ್ತು.

ಹತಾಶರಾದ ಯುವಕರನ್ನು ಐಸಿಸ್‌ಗೆ ನಿಷ್ಠೆ ಘೋಷಿಸಿದ್ದ ಮೌತೆ ಗುಂಪು ತನ್ನೆಡೆಗೆ ಸೆಳೆಯಿತು. 2017ರ ಮೇ 23ರಂದು ಮರಾವಿ ನಗರದಲ್ಲಿ ಕದನ ಆರಂಭವಾಯಿತು. ಐದು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಮಂದಿ ನಿರಾಶ್ರಿತರಾದರು. ಬಾಂಬು ದಾಳಿಗೆ ಮಸೀದಿಗಳೂ ಮಾರುಕಟ್ಟೆಯೂ ನೆಲಸಮವಾದವು.

ಸೈನ್ಯವು ನಗರವನ್ನು ಮರಳಿ ಪಡೆಯಿತು. ಯುವಕರ ವಿಶ್ವಾಸವನ್ನು ಮರಳಿ ಪಡೆಯುವ ಹೊಣೆ ಪ್ರಾದೇಶಿಕ ನಾಯಕರ ಮೇಲೆ ಬಿತ್ತು. 2019ರ ಜನಮತಗಣನೆಯ ನಂತರ ಬಾಂಗ್ಸಮೊರೊ ಸ್ವಾಯತ್ತ ಪ್ರದೇಶ ಉದಯಿಸಿತು. ರಂಗದ ಮುಖ್ಯಸ್ಥ ಮುರಾದ್ ಇಬ್ರಾಹಿಮ್ ಮಧ್ಯಂತರ ಮುಖ್ಯಮಂತ್ರಿಯಾದರು. ರಾಷ್ಟ್ರೀಯ ಆಂತರಿಕ ತೆರಿಗೆಯ ನಿವ್ವಳ ಆದಾಯದ ಶೇ. 5ರಷ್ಟು ಅನುದಾನವನ್ನು ಆ ಪ್ರದೇಶಕ್ಕೆ ಕಾನೂನಿನಲ್ಲೇ ನಿಗದಿಪಡಿಸಲಾಯಿತು. ಸಾವಿರಾರು ಹೋರಾಟಗಾರರು ಶಸ್ತ್ರ ಕೆಳಗಿಟ್ಟರು. ನಿನ್ನೆಯವರೆಗೆ ಜೊತೆಯಲ್ಲಿ ಹೋರಾಡಿದವರ ಮಾತಿಗಿದ್ದ ಬೆಲೆ ದೂರದ ಮನಿಲಾದ ಆದೇಶಕ್ಕಿರಲಿಲ್ಲ.

ಆದರೂ ಮರಾವಿಯ ಅನೇಕ ಕುಟುಂಬಗಳು ವರ್ಷಗಳು ಕಳೆದರೂ ಸ್ವಂತ ಮನೆಗೆ ಮರಳಲಾಗಲಿಲ್ಲ. ನಿರಪರಾಧಿಯ ಹತ್ಯೆ ಮಹಾಪಾಪವೆಂದು ಮದ್ರಸಗಳಲ್ಲಿ ನಾವು ಬೋಧಿಸುತ್ತೇವೆ, ಬೋಧಿಸುತ್ತಲೇ ಇರಬೇಕು. ಆದರೆ ಕುಸಿದ ಮನೆಯ ಮುಂದೆ ನಿಂತ ಯುವಕನಿಗೆ ಬೋಧನೆಯೊಂದೇ ಸಾಲದು. ಆಳುವವರು ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು. ಮುರಿದ ಪ್ರತಿ ವಾಗ್ದಾನವೂ ಉಗ್ರವಾದಿಯ ಕೈಗೆ ನಾವೇ ಕೊಟ್ಟ ಆಯುಧ.