ಹೆಜ್ಜುಂಕವೂ ಕಿರುಕುಳವೂ

ಹಳೆಯ ಶಾಸನಗಳನ್ನು ಓದುವವರಿಗೆ ರಾಜರ ಬಿರುದುಗಳಷ್ಟೇ ಧಾರಾಳವಾಗಿ ತೆರಿಗೆಗಳ ಹೆಸರುಗಳೂ ದೊರೆಯುತ್ತವೆ. ಸಂಸ್ಕೃತದ 'ಶುಲ್ಕ' ನಮ್ಮ ನಾಲಗೆಯಲ್ಲಿ ತದ್ಭವವಾಗಿ 'ಸುಂಕ'ವಾಯಿತು. ಹಿರಿದಾದ ಸುಂಕ 'ಪೆರ್ಜುಂಕ'. ಮುಂದೆ ಪಕಾರಕ್ಕೆ ಹಕಾರ ಬಂದು 'ಹೆಜ್ಜುಂಕ'. ಬಳ್ಳಿಗಾವೆಯ ಕಡೆಯ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಮಾತುಗಳು ಮೇಲಿಂದ ಮೇಲೆ ಬರುತ್ತವೆ. ಇವುಗಳ ಸಾಲಿಗೇ ಸೇರಿದ ಇನ್ನೊಂದು ಹೆಸರುಂಟು: 'ಕಿರುಕುಳ'. ಸಣ್ಣಪುಟ್ಟ ಸರಕುಗಳ ಮೇಲೆ ಎತ್ತುತ್ತಿದ್ದ ಚಿಲ್ಲರೆ ಸುಂಕಕ್ಕೆ ಆ ಹೆಸರು. ಇಂದು ಕಿರುಕುಳವೆಂದರೆ ಏನೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ದೊಡ್ಡ ಸುಂಕದ ಹೆಸರು ಶಾಸನದಲ್ಲಿಯೇ ಉಳಿಯಿತು. ಚಿಲ್ಲರೆ ಸುಂಕದ ಹೆಸರು ಪೀಡೆಗೆ ಪರ್ಯಾಯಪದವಾಗಿ ಜನರ ಬಾಯಲ್ಲಿ ಬದುಕಿತು. ಈ ಎರಡು ಪದಗಳನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಸೀಮೆಯ ನಾಲ್ಕು ಊರುಗಳ ಕಡೆಗೆ ನೋಡೋಣ.

ಮಲೆನಾಡಿನ ಸೆರಗಿನಲ್ಲಿ ನ್ಯಾಮತಿ; ಅಲ್ಲಿಂದ ಮುಂದೆ ತುಂಗಭದ್ರೆಯ ದಡದಲ್ಲಿ ಹೊನ್ನಾಳಿ; ಹೊಳೆಯಾಚೆ ಸೂಳೆಕೆರೆಯ ನೀರುಣ್ಣುವ ಚನ್ನಗಿರಿ; ಮಳೆ ಕಡಿಮೆಯಾಗುತ್ತ ಬಯಲು ಬರಿದಾಗುವ ಮೂಡಲಲ್ಲಿ ಜಗಳೂರು. ಇಂದು ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಮಲೆನಾಡಿನ ಅಡಿಕೆ ಬಯಲಿಗೆ ಇಳಿಯಬೇಕು, ಬಯಲಿನ ಜೋಳ, ಹತ್ತಿ, ಕಂಬಳಿಗಳು ಮಲೆನಾಡಿಗೆ ಏರಬೇಕು. ಹೇರೆತ್ತುಗಳ ಈ ಹೋಗುಬರುವಿನ ಮೇಲೆಯೇ ಇಲ್ಲಿಯ ಸಂತೆ ಪೇಟೆಗಳು ನಿಂತಿದ್ದವು. ಸುಂಕದವನ ಕಣ್ಣು ಬೀಳುವುದೂ ಅಲ್ಲಿಯೇ.

ತೆರಿಗೆಯೆಂದ ಮಾತ್ರಕ್ಕೆ ಜನ ಶಪಿಸುತ್ತಾರೆಂದು ತಿಳಿಯಬಾರದು. 1645ರಿಂದ 1660ರ ವರೆಗೆ ಕೆಳದಿಯನ್ನಾಳಿದ ಶಿವಪ್ಪನಾಯಕನನ್ನು ಜನ ನೆನೆಯುವುದು ಅವನ ಕಂದಾಯದ ಹೆಸರಿನಿಂದಲೇ. 'ಶಿಸ್ತಿನ ಶಿವಪ್ಪನಾಯಕ' ಎಂಬಲ್ಲಿ ಶಿಸ್ತು ಎಂದರೆ ಗೊತ್ತುಪಡಿಸಿದ ಭೂಕಂದಾಯ. ಊರೂರಿನಲ್ಲಿ ಒಂದೊಂದು ಬಗೆಯ ಹೊಲವನ್ನು ಹನ್ನೆರಡು ವರ್ಷ ತಾನೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಫಸಲೆಷ್ಟು ಎಂದು ಲೆಕ್ಕವಿರಿಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಗದಿ ಮಾಡಿದನೆಂದು ಗ್ಯಾಸೆಟಿಯರಿನಲ್ಲಿದೆ. ಮೂರರಲ್ಲೊಂದು ಪಾಲು ಅಲ್ಪವೇನೂ ಅಲ್ಲ. ಆದರೆ ಎಷ್ಟು ಕೊಡಬೇಕೆಂಬುದು ಬಿತ್ತುವ ಮೊದಲೇ ರೈತನಿಗೆ ಗೊತ್ತಿತ್ತು. ಚನ್ನಗಿರಿಗೆ ಹೆಸರು ಕೊಟ್ಟಳೆನ್ನುವ ಕೆಳದಿಯ ಚನ್ನಮ್ಮಾಜಿಯ ಕಾಲವೂ ಈ ಶಿಸ್ತಿನ ನೆರಳಿನಲ್ಲಿಯೇ ನಡೆಯಿತು. ಬರಬರುತ್ತ ಶಿಸ್ತಿನ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಪಗುಡಿ ಎಂದು ಹೇರು ಬೆಳೆಯಿತು. ಹೆಜ್ಜುಂಕದ ಬೆನ್ನಿಗೆ ಕಿರುಕುಳ ಬಂದು ಕುಳಿತುಕೊಳ್ಳುವ ಬಗೆ ಇದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆ ಮೈಸೂರು ಒಡೆಯರ ಕೈಗೆ ಬಂದಿತು. ಆ ವರ್ಷದ ಕೌಲಿನಂತೆ ಮೈಸೂರು ಕಂಪೆನಿಗೆ ವರ್ಷಂಪ್ರತಿ ಏಳು ಲಕ್ಷ ವರಹ ಕೊಡಬೇಕು. ಇಂಗ್ಲಿಷರು ಈ ಕಪ್ಪಕ್ಕೆ ಇಟ್ಟ ಹೆಸರು 'ಸಬ್ಸಿಡಿ'. ಇಂದು ರೈತನಿಗೆ ಸರ್ಕಾರ ಕೊಡುವ ಸಹಾಯಧನಕ್ಕೆ ಯಾವ ಹೆಸರೋ, ಅಂದು ರೈತನಿಂದ ಎತ್ತಿ ಮದರಾಸಿಗೆ ಕಳುಹಿಸುತ್ತಿದ್ದ ಹಣಕ್ಕೂ ಅದೇ ಹೆಸರು! ಆ ಹಣವನ್ನು ಹೊಂದಿಸುವ ಭಾರ ಅರಮನೆಯಿಂದ ಫೌಜದಾರನಿಗೆ, ಫೌಜದಾರನಿಂದ ಅಮಲ್ದಾರನಿಗೆ ಇಳಿಯಿತು. 'ಷರ್ತು' ಎಂಬ ಪದ್ಧತಿಯಲ್ಲಿ ಅಮಲ್ದಾರನು ಇಂತಿಷ್ಟು ಹುಟ್ಟುವಳಿ ತೋರಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆಯಾದರೆ ಅವನೇ ತುಂಬಬೇಕು. ಹೀಗೆ ಬರೆದುಕೊಟ್ಟವನು ಮಳೆ ಬಂತೇ, ಬೆಲೆ ಇಳಿಯಿತೇ ಎಂದು ವಿಚಾರಿಸುತ್ತಾನೆಯೇ? ಸುಂಕದ ವಸೂಲಿಯಂತೂ ಗುತ್ತಿಗೆದಾರರ ಪಾಲಾಗಿತ್ತು. ಕಟ್ಟೆಕಟ್ಟೆಗೆ ಹೇರಿಳಿಸಿ, ಎಣಿಸಿ, ತೂಗಿಸಿ, ಕೊಟ್ಟು, ಮತ್ತೆ ಹೇರಿಕೊಂಡು ಹೋಗಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆಗ ಜಾರಿಯಲ್ಲಿದ್ದ ತೆರಿಗೆಗಳ ಪಟ್ಟಿಯನ್ನು ನೋಡಿದರೆ ನಗು ಬರುತ್ತದೆ, ಮರುಕ್ಷಣ ನಗು ನಿಲ್ಲುತ್ತದೆ. ಮದುವೆಗೊಂದು ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಅದರ ತಲೆಗೂದಲು ತೆಗೆಸಿದರೆ ತೆರಿಗೆ. ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತಲೆತಲಾಂತರಕ್ಕೂ ತೆರಬೇಕಾಗಿತ್ತು. ನಗರ ಸೀಮೆಯ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದವನಿಗೂ ತೆರಿಗೆ! ಇವೆಲ್ಲ ಸರ್ಕಾರಿ ಕಡತಗಳಲ್ಲಿ ಕ್ರಮವಾಗಿ ನಮೂದಾಗಿದ್ದವು.

1830ರಲ್ಲಿ ನಗರ ಫೌಜದಾರಿಯ ರೈತರು 'ಕೂಟ' ಸೇರಿದರು. ಕೂಟ ಎಂಬುದು ನಮ್ಮ ಮಲೆನಾಡಿನ ಹಳೆಯ ಅಸ್ತ್ರ: ಊರೂರಿನವರು ಒಂದೆಡೆ ನೆರೆದು, ಅಹವಾಲು ಕೇಳುವವರೆಗೆ ಕಂದಾಯ ಕೊಡೆವು ಎನ್ನುವುದು. ಕೇಳುವವರು ಇಲ್ಲದಾಗ ಕೂಟ ದಂಗೆಯಾಯಿತು. ಕೆಳದಿಯ ವಂಶದವನು ತಾನೆಂದು ಹೇಳಿಕೊಂಡ ಬೂದಿ ಬಸಪ್ಪ, ತರೀಕೆರೆಯ ರಂಗಪ್ಪನಾಯಕ ಮುಂದಾಳುಗಳಾದರು. ಹೊನ್ನಾಳಿಯ ಕೋಟೆಗಾಗಿ ಕಾದಾಟ ನಡೆಯಿತು. ದಂಗೆ ಅಡಗಿತು, ಅದನ್ನೂ ಕಪ್ಪದ ಬಾಕಿಯನ್ನೂ ಮುಂದಿಟ್ಟುಕೊಂಡು 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡನು. ಅದು ಅರಮನೆಗೆ ಮರಳಿ ಬಂದದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಕಂಪೆನಿಗೆ ತನ್ನದೇ ಆಸೆಗಳಿದ್ದವು, ನಿಜ. ಆದರೆ ಆ ಆಸೆಗೆ ನೆಪ ಒದಗಿಸಿದ್ದು ಅಮಲ್ದಾರನ ಮುಚ್ಚಳಿಕೆಯೂ ಸುಂಕದ ಕಟ್ಟೆಯೂ.

1834ರಿಂದ 1861ರ ವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನನು 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೊಡೆದುಹಾಕಿದನು. ಅಂಕಿಯನ್ನು ದಯವಿಟ್ಟು ಇನ್ನೊಮ್ಮೆ ಓದಿ: 769! ಕಟ್ಟೆಕಟ್ಟೆಗೂ ಹೇರಿಳಿಸುವ ಕಾಟ ತಗ್ಗಿತು, ಗಾಡಿಯ ರಸ್ತೆಗಳಾದವು. ಇಷ್ಟು ತೆರಿಗೆ ಬಿಟ್ಟಮೇಲೆ ಬೊಕ್ಕಸ ಬರಿದಾಗಬೇಕಾಗಿತ್ತಲ್ಲವೇ? ಆಗಲಿಲ್ಲ, ಅವನ ಕಾಲದಲ್ಲಿ ಹುಟ್ಟುವಳಿ ಏರಿತು. ಕಾರಣ ಸರಳ. ಕಟ್ಟೆಗೆ ಹೆದರಿ ಮನೆಯಲ್ಲಿ ಉಳಿಯುತ್ತಿದ್ದ ಸರಕು ಪೇಟೆಗೆ ಬಂದಿತು. ಪ್ರಜೆ ಕೊಡುತ್ತಿದ್ದುದರಲ್ಲಿ ನಡುವಣ ಕೈಗಳಿಗೆ ಹೋಗುತ್ತಿದ್ದ ಅಂಶ ಕಡಿಮೆಯಾಯಿತು. ಪರಕೀಯನೆಂದು ಅವನ ಈ ಕೆಲಸವನ್ನು ಮರೆಮಾಚಬೇಕಾಗಿಲ್ಲ. ಅವನಿಗಿಂತ ಇನ್ನೂರು ವರ್ಷ ಹಿಂದೆಯೇ ಶಿವಪ್ಪನಾಯಕ ಅದೇ ಪಾಠವನ್ನು ಕನ್ನಡದಲ್ಲಿ ಬರೆದಿದ್ದನೆಂಬುದನ್ನೂ ಮರೆಯಬೇಕಾಗಿಲ್ಲ.

ಕಿರುಕುಳಕ್ಕೆ ಮಾತ್ರ ಮರುಹುಟ್ಟುಗಳು ಹಲವು. ಪುರಸಭೆಗಳ ಗಡಿಯಲ್ಲಿ ಗಾಡಿ ನಿಲ್ಲಿಸುತ್ತಿದ್ದ ಆಕ್ಟ್ರಾಯ್ ಕಟ್ಟೆಗಳು ನಮ್ಮ ರಾಜ್ಯದಲ್ಲಿ 1979ರಲ್ಲಿ ರದ್ದಾದವು. ಆದರೆ ಅದರ ಬೆನ್ನಿಗೇ ಪ್ರವೇಶ ತೆರಿಗೆ ಬಂದಿತು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳೂ ಮುಚ್ಚಿದವು. ಕಟ್ಟೆ ಹೋಯಿತು, ಅದರ ಬದಲಿಗೆ ತಿಂಗಳು ತಿಂಗಳು ತುಂಬಬೇಕಾದ ಲೆಕ್ಕ ಬಂದಿತು. ಸಣ್ಣ ವರ್ತಕನಿಗೆ ಇದು ಹೆಜ್ಜುಂಕವೋ ಕಿರುಕುಳವೋ ಎಂಬುದನ್ನು ತೂಗಿ ಹೇಳಬೇಕಾದವನು ಅವನೇ.

ಸಹಾಯ ಮಾಡುವ ಕೈಯೂ ಎಲ್ಲ ಊರನ್ನೂ ಒಂದೇ ಸಮನಾಗಿ ಮುಟ್ಟುವುದಿಲ್ಲ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗ್ರಾಮಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಹೊರನಾಡಿನ ಅಗ್ಗದ ಅಡಿಕೆ ಬಂದು ಬೆಲೆ ಕುಸಿಯಬಾರದೆಂಬುದು ಉದ್ದೇಶ. ಚನ್ನಗಿರಿಯ ತೋಟದವರಿಗೆ ಅದು ಬೇಲಿ. ಆದರೆ ಬೇಲಿಯ ಭರವಸೆ ಹೊಲದ ರೂಪವನ್ನೂ ಬದಲಿಸುತ್ತದೆ: ಭದ್ರಾ ನಾಲೆಯ ನೀರು ಹರಿಯುವ ಕಡೆ ಭತ್ತದ ಗದ್ದೆಗಳಲ್ಲಿ ಅಡಿಕೆ ಸಸಿಗಳು ಎದ್ದಿವೆ. ಅದೇ ಜಿಲ್ಲೆಯ ಜಗಳೂರಿನಲ್ಲಿ ಮುಗಿಲು ನೋಡಿ ಜೋಳ, ಶೇಂಗಾ, ಮೆಕ್ಕೆಜೋಳ ಬಿತ್ತುವವನಿಗೆ ಆ ಬೇಲಿಯಿಂದ ಬರುವುದೇನೂ ಇಲ್ಲ. ಅವನಿಗೆ ಬೇಕಾದದ್ದು ಬಿತ್ತುವ ಮುಂಚೆ ಬರುವ ಬೀಜ, ಗೊಬ್ಬರ. ಪೇಟೆಗೆ ಹೋದಾಗ ಕೇಳದೆ ಸಿಗುವ ನ್ಯಾಯವಾದ ತೂಕ, ಬೆಲೆ. ಕೃಷಿ ಉತ್ಪನ್ನ ಮಾರುಕಟ್ಟೆಗಳನ್ನು ನಿಯಂತ್ರಿಸಲು 1966ರಲ್ಲಿ ನಮ್ಮ ರಾಜ್ಯದಲ್ಲಿ ಆದ ಶಾಸನದ ಮೂಲ ಆಶಯವೂ ಇದೇ ಆಗಿತ್ತು.

ಆದುದರಿಂದ ಹೊಸ ತೆರಿಗೆಯ, ಹೊಸ ಸಹಾಯಧನದ ಸುದ್ದಿ ರೇಡಿಯೋದಲ್ಲಿ ಬಂದಾಗ ಮೊತ್ತವೆಷ್ಟೆಂದು ಮಾತ್ರ ಕಿವಿಗೊಡಬೇಡಿ. ಎಷ್ಟು ಕಟ್ಟೆಗಳನ್ನು ದಾಟಿ ಅದು ಹೋಗಬೇಕು? ಬಿತ್ತುವ ಮೊದಲೇ ತಿಳಿಯುವಂಥದೋ, ಕೊಯ್ದ ಮೇಲೆ ತಿಳಿಯುವಂಥದೋ? ಹೊಳೆಯ ಈ ದಡಕ್ಕೆ ಅದು ಏನು, ಆ ದಡಕ್ಕೆ ಏನು? ಮೂರರಲ್ಲೊಂದು ಪಾಲು ಕೊಟ್ಟೂ ಶಿವಪ್ಪನಾಯಕನನ್ನು ಹರಸಿದ ಜನ ನಮ್ಮವರು. ಚಿಲ್ಲರೆ ತೆರಿಗೆ ತಾಳಲಾರದೆ ಕೂಟ ಸೇರಿದವರೂ ಅವರ ಮೊಮ್ಮಕ್ಕಳೇ.